ಮನೆಯಲ್ಲೇ ಮಾಲಾ ಹಾಟ್‌ಪಾಟ್ ಮಸಾಲೆ: ದನದ ಕೊಬ್ಬು, ಸಾಸಿವೆ ಎಣ್ಣೆ, ಸಿದ್ಧ ಪೊಟ್ಟಣ – ಯಾವುದು ಯಾರಿಗೆ?

ಮೇಜಿನ ಮೇಲೆ ಕುದಿಯುತ್ತಿರುವ ಸಾರಿಗೆ ಮಾಂಸ, ತರಕಾರಿ ಅದ್ದಿ ಬೇಯಿಸಿಕೊಂಡು ತಿನ್ನುವ ಚೀನಾದ ಖಾರದ ಮಾಲಾ ಹಾಟ್‌ಪಾಟನ್ನು ಒಮ್ಮೆ ಹೊರಗೆ ಉಂಡು ಬಂದವರು ಅದನ್ನು ಮನೆಯಲ್ಲಿ ಮಾಡಲು ಹೊರಟಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲಿ ಸಿಗುವ, ಸಣ್ಣ ಇಟ್ಟಿಗೆಯಂತಿರುವ ಕೆಂಪು ಮಸಾಲೆಯ ಪೊಟ್ಟಣವನ್ನು ನೀರಿಗೆ ಹಾಕಿ ಕುದಿಸಿದರೆ ಸಾಕೇ, ಅಥವಾ ಮೆಣಸಿನಕಾಯಿ ನೆನೆಸಿ, ರುಬ್ಬಿ, ಗಂಟೆಯಷ್ಟು ಹೊತ್ತು ಬಾಣಲೆಯ ಮುಂದೆ ನಿಂತು ನಾವೇ ಹುರಿದುಕೊಳ್ಳಬೇಕೇ? ಹುರಿಯುವುದೇ ಆದರೆ ನೈಋತ್ಯ ಚೀನಾದ ಚೋಂಗ್‌ಚಿಂಗ್ ನಗರದ ಪದ್ಧತಿಯಂತೆ ದನದ ಕೊಬ್ಬಿನಲ್ಲೋ, ಅದರ ನೆರೆಯ ಸಿಚುವಾನ್ ಪ್ರಾಂತದ ಚೆಂಗ್ಡು ಕಡೆಯವರಂತೆ ಎಣ್ಣೆಯಲ್ಲೋ? ಬೆಂಗಳೂರಿನಲ್ಲಿ ಕುಳಿತು ಇದನ್ನು ಮಾಡುವವರಿಗೆ ಇನ್ನೊಂದು ಗೊಂದಲವೂ ಇದೆ: ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲೇ ಇರುವಾಗ ಚೀನಾದ ಮೆಣಸಿನಕಾಯಿಗೆ ಹಣ ಸುರಿಯಬೇಕೇ?

ನಾನು ಈ ಎಲ್ಲ ದಾರಿಗಳಲ್ಲೂ ನಡೆದು ನೋಡಿದ್ದೇನೆ. ಜನ ಹೆಚ್ಚು ಯೋಚಿಸುವುದು ಮೆಣಸಿನಕಾಯಿಯ ಬಗ್ಗೆ. ಆದರೆ ಮಡಕೆಯ ಸ್ವಭಾವವನ್ನು ಮೊದಲು ನಿರ್ಧರಿಸುವುದು ಅದನ್ನು ಯಾವ ಕೊಬ್ಬಿನಲ್ಲಿ ಹುರಿದಿದ್ದೀರಿ ಎಂಬುದು. ಅದೊಂದು ತೀರ್ಮಾನವಾದರೆ ಉಳಿದ ಆಯ್ಕೆಗಳು ಬಹುಮಟ್ಟಿಗೆ ತಾವಾಗಿಯೇ ಜೋಡಣೆಯಾಗುತ್ತವೆ. ಆದ್ದರಿಂದ ಈ ಬರಹದಲ್ಲಿ ಕೊಬ್ಬಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಳೆಯುವುದು ಹೇಗೆ

ಮೊದಲನೆಯ ಅಳತೆಗೋಲು, ನಿಮ್ಮ ಊಟದ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದು. ದನದ ಮಾಂಸ ತಿನ್ನದವರು, ಯಾವ ಮಾಂಸವನ್ನೂ ತಿನ್ನದವರು, ಬೆಳ್ಳುಳ್ಳಿಯನ್ನೂ ಬಿಟ್ಟವರು ಇದ್ದರೆ ಕೆಲವು ದಾರಿಗಳು ಆರಂಭದಲ್ಲೇ ಮುಚ್ಚಿಹೋಗುತ್ತವೆ, ಮತ್ತು ರುಚಿಯ ಚರ್ಚೆ ಅದರ ನಂತರದ ಮಾತು.

ಎರಡನೆಯದು, 'ಮಾ' ಮತ್ತು 'ಲಾ' ಇವುಗಳ ತೂಕ. ಚೀನೀ ಭಾಷೆಯಲ್ಲಿ ಲಾ ಎಂದರೆ ಮೆಣಸಿನಕಾಯಿಯ ಖಾರ, ಮಾ ಎಂದರೆ ಹುವಾಜಿಯಾವ್ ಎಂಬ ಸಿಚುವಾನ್ ಮೆಣಸು ನಾಲಿಗೆಯಲ್ಲಿ ಎಬ್ಬಿಸುವ ಜುಮುಜುಮು. ಈ ಜುಮುಜುಮು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಅದೊಂದು ಸ್ಪರ್ಶ. ಲಂಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಈ ಮೆಣಸನ್ನು ತುಟಿಗೆ ಹಚ್ಚಿಕೊಂಡವರು ಸೆಕೆಂಡಿಗೆ ಸುಮಾರು 50 ಬಾರಿ ಕಂಪಿಸುವ ವಸ್ತುವನ್ನು ಮುಟ್ಟಿದಂತಹ ಅನುಭವವಾಯಿತು ಎಂದು ಗುರುತಿಸಿದರು. ಅದಕ್ಕೆ ಕಾರಣವಾದ ಸ್ಯಾನ್‌ಶೂಲ್ ಎಂಬ ವಸ್ತು ಹೆಚ್ಚು ಹೊತ್ತಿನ ಬಿಸಿಯನ್ನು ತಾಳಲಾರದು. ಮೆಣಸಿನಕಾಯಿಯ ಖಾರವಾದರೋ ಎಷ್ಟು ಹುರಿದರೂ ಉಳಿಯುತ್ತದೆ. ಹಾಗಾಗಿ ಹಳೆಯ ಪೊಟ್ಟಣಗಳಲ್ಲಿಯೂ ಅತಿಯಾಗಿ ಹುರಿದ ಮನೆಯ ಮಸಾಲೆಯಲ್ಲಿಯೂ ಲಾ ಗಟ್ಟಿಯಾಗಿದ್ದು ಮಾ ಸೊರಗಿರುತ್ತದೆ.

ಮೂರನೆಯದು ಸಮಯ, ಮತ್ತು ಅದರ ಜೊತೆಗೇ ಬರುವ ಘಾಟು. ಅರ್ಧ ಕಿಲೋ ಎಣ್ಣೆಯಲ್ಲಿ ಮೆಣಸಿನಕಾಯಿ ಮುದ್ದೆಯನ್ನು ಹುರಿಯುವಾಗ ಮನೆಯಿಡೀ ಕೆಮ್ಮುತ್ತದೆ. ನಮ್ಮಲ್ಲಿ ಕಿಟಕಿ, ಹಿತ್ತಿಲ ಬಾಗಿಲು ತೆರೆದರೆ ಆಯಿತು. ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಿ, ಅದರಲ್ಲೂ ಹೊರದೇಶದ ಚಳಿಗಾಲದಲ್ಲಿ ಹೊಗೆಯ ಗಂಟೆ ಬಡಿದುಕೊಳ್ಳುವ ಮನೆಗಳಲ್ಲಿ, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಉಳಿದವು ಖರ್ಚು, ಉಪ್ಪಿನ ಮೇಲಿನ ಹಿಡಿತ, ಇಟ್ಟು ಬಳಸುವ ಅನುಕೂಲ. ವರ್ಷಕ್ಕೊಮ್ಮೆ ಮಾಡುವವರಿಗೂ ತಿಂಗಳಿಗೆರಡು ಸಲ ಮಾಡುವವರಿಗೂ ಲೆಕ್ಕ ಒಂದೇ ಆಗಿರುವುದಿಲ್ಲ.

ಕೊಬ್ಬಿನ ಮಾತು

ಚೋಂಗ್‌ಚಿಂಗ್ ನಗರ ಯಾಂಗ್ಟ್ಸಿ ಮತ್ತು ಜಿಯಾಲಿಂಗ್ ನದಿಗಳ ಸಂಗಮದಲ್ಲಿದೆ. 1997ರಲ್ಲಿ ಅದು ಸಿಚುವಾನ್ ಪ್ರಾಂತದಿಂದ ಬೇರ್ಪಟ್ಟು ನೇರವಾಗಿ ಕೇಂದ್ರದ ಆಡಳಿತಕ್ಕೆ ಒಳಪಟ್ಟಿತು. ಆದರೆ ಅಡುಗೆಯ ನಂಟು ಕಡಿದುಹೋಗಲಿಲ್ಲ. ಅಲ್ಲಿನ ಹಾಟ್‌ಪಾಟ್ ಹುಟ್ಟಿದ್ದು ನದೀದಂಡೆಯ ದೋಣಿಯವರು, ಹಮಾಲರು, ಕೂಲಿಗಳ ನಡುವೆ ಎಂದು ಊರಿನವರು ಹೇಳುತ್ತಾರೆ. ಕಟುಕರ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ದನದ ಕರುಳು, ಜಠರ ಮುಂತಾದವನ್ನು ತಂದು, ಅವುಗಳ ವಾಸನೆಯನ್ನು ಮೆಣಸಿನಕಾಯಿ ಮತ್ತು ಹುವಾಜಿಯಾವ್‌ಗಳಲ್ಲಿ ಅಡಗಿಸಿ, ದನದ ಕೊಬ್ಬು ತೇಲುವ ಮಡಕೆಯಲ್ಲಿ ಅದ್ದಿ ತಿನ್ನುತ್ತಿದ್ದರಂತೆ. ಇಂದಿಗೂ ಅಲ್ಲಿನ ಮಡಕೆಯಲ್ಲಿ ಒಂಬತ್ತು ಮನೆಗಳ ಜಾಲರಿಯೊಂದು ಕುಳಿತಿರುತ್ತದೆ. ನಡುವಿನ ಮನೆ ರಭಸವಾಗಿ ಕುದಿಯುತ್ತದೆ, ಹಾಗಾಗಿ ಕ್ಷಣದಲ್ಲಿ ಬೇಯುವ ತೆಳು ಜಠರದ ಹಾಳೆಗಳು ಅಲ್ಲಿಗೆ. ಮೂಲೆಗಳು ಮೆಲ್ಲನೆ ಕುದಿಯುವುದರಿಂದ ಹೊತ್ತು ಹಿಡಿಯುವ ಪದಾರ್ಥಗಳು ಅಲ್ಲಿಗೆ.

ದನದ ಕೊಬ್ಬು ಮಾಡುವ ಕೆಲಸವನ್ನು ಬೇರೆ ಯಾವುದೂ ಪೂರ್ತಿಯಾಗಿ ಮಾಡಲಾರದು. ಅದು ಸುಮಾರು 40ರಿಂದ 50 ಡಿಗ್ರಿಯಲ್ಲಿ ಕರಗುತ್ತದೆ, ಅಂದರೆ ನಮ್ಮ ಬಾಯಿಯ ಉಷ್ಣತೆಗಿಂತ ಮೇಲೆ. ಕುದಿಯುವ ಮಡಕೆಯಿಂದ ಎತ್ತಿದ ಎಲೆಕೋಸಿನ ತುಂಡಿನ ಮೇಲೆ ಅದು ತೆಳುವಾಗಿ ಅಂಟಿಕೊಂಡು, ಆರುತ್ತಿದ್ದಂತೆ ದಪ್ಪಗಾಗುತ್ತದೆ. ಖಾರವೂ ಜುಮುಜುಮುವೂ ಕೊಬ್ಬಿನಲ್ಲಿ ಕರಗಿರುವುದರಿಂದ, ಕೊಬ್ಬು ಎಷ್ಟು ಹೊತ್ತು ನಾಲಿಗೆಗೆ ಹತ್ತಿಕೊಂಡಿರುತ್ತದೆಯೋ ಅಷ್ಟು ಹೊತ್ತು ಅವೂ ಇರುತ್ತವೆ. ಸಾರಿನ ಮೇಲೆ ಬೆರಳು ದಪ್ಪ ತೇಲುವ ಈ ಪದರ ಮಡಕೆಯ ಬಿಸಿ ಆರದಂತೆಯೂ ಮುಚ್ಚಳದಂತೆ ತಡೆಯುತ್ತದೆ. ತೊಡಕು ಇರುವುದೂ ಇದೇ ಗುಣದಲ್ಲಿ. ಊಟ ನಿಧಾನವಾದರೆ ತಟ್ಟೆಯಲ್ಲಿ ಕೊಬ್ಬು ಬಿಳಿಚಿಕೊಂಡು ಹೆಪ್ಪುಗಟ್ಟುತ್ತದೆ, ಮರುದಿನ ಹೊಟ್ಟೆ ಭಾರ ಎನ್ನಿಸುತ್ತದೆ, ಸೊಪ್ಪು ತರಕಾರಿಗಳು ತಮ್ಮ ರುಚಿಯನ್ನು ಕಳೆದುಕೊಳ್ಳುತ್ತವೆ.

ಚೆಂಗ್ಡು ಇರುವ ಸಿಚುವಾನಿನ ಬಯಲುಸೀಮೆಯಲ್ಲಿ ರೇಪ್‌ಸೀಡ್ ಎಂಬ ಎಣ್ಣೆಕಾಳಿನ ಬೆಳೆ ಹೇರಳ. ಬೀಜವನ್ನು ಹುರಿದು ಗಾಣದಲ್ಲಿ ತೆಗೆದ ದಟ್ಟ ಹಳದಿಯ ಎಣ್ಣೆಯಲ್ಲಿ ಹುರಿದ ಮಸಾಲೆಗೆ ಅಲ್ಲಿ 'ಛಿಂಗ್ ಯೋ' ಎನ್ನುತ್ತಾರೆ, ತಿಳಿ ಎಣ್ಣೆ ಎಂದರ್ಥ. ಇದು ತಣ್ಣಗಾದರೂ ದ್ರವವಾಗಿಯೇ ಉಳಿಯುತ್ತದೆ. ಬಾಯಿಗೆ ಮೊದಲು ತಟ್ಟುವುದು ಮೆಣಸಿನಕಾಯಿಯ ಸುವಾಸನೆ, ಆಮೇಲೆ ಖಾರ, ಮತ್ತು ಅದು ಬೇಗ ಇಳಿಯುತ್ತದೆ. ಅಣಬೆ, ತಾವರೆ ದಂಟು, ಆಲೂಗಡ್ಡೆ, ತೋಫು ಇವುಗಳ ಸ್ವಂತ ರುಚಿ ಉಳಿಯುವುದು ತಿಳಿ ಎಣ್ಣೆಯಲ್ಲಿಯೇ. ದನದ ಕೊಬ್ಬಿನ ಮಡಕೆ ಮಾಂಸಕ್ಕೆ, ತಿಳಿ ಎಣ್ಣೆಯ ಮಡಕೆ ತರಕಾರಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನೂ ಅರ್ಧರ್ಧ ಬೆರೆಸಿ ಹುರಿಯುವ ಅಡುಗೆಯವರೂ ಅಲ್ಲಿ ಬಹಳ ಮಂದಿ ಇದ್ದಾರೆ.

ನಮಗೆ ಇಲ್ಲೊಂದು ಅನುಕೂಲವಿದೆ. ಸಾಸಿವೆಯೂ ರೇಪ್‌ಸೀಡೂ ಒಂದೇ ಕುಲದ ಗಿಡಗಳು. ನಮ್ಮ ಸಾಸಿವೆ ಎಣ್ಣೆ ಅದಕ್ಕಿಂತ ಘಾಟು ಹೆಚ್ಚಿನದಾದರೂ, ಹೊಗೆ ಏಳುವ ತನಕ ಕಾಯಿಸಿ, ಒಲೆ ಆರಿಸಿ, ಚೆನ್ನಾಗಿ ತಣಿಸಿ ಮತ್ತೆ ಬಳಸಿದರೆ ಆ ಘಾಟಿನ ಬಹುಪಾಲು ಹಾರಿಹೋಗಿ ಹುರಿದ ಬೀಜದಂಥ ಕಂಪೊಂದು ಉಳಿಯುತ್ತದೆ. ಚೀನಾದ ಅಡುಗೆಯವರೂ ತಮ್ಮ ಎಣ್ಣೆಯ ಹಸಿವಾಸನೆ ಹೋಗಲು ಇದನ್ನೇ ಮಾಡುತ್ತಾರೆ. ಅರ್ಧ ಸಾಸಿವೆ ಎಣ್ಣೆ, ಅರ್ಧ ಶೇಂಗಾ ಎಣ್ಣೆ ಸೇರಿಸುವುದು ನನಗೆ ಒಗ್ಗಿದ ಹದ. ಅಮೆರಿಕದಲ್ಲಿರುವವರು ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಸಾಸಿವೆ ಎಣ್ಣೆಯನ್ನು ಅದರಲ್ಲಿನ ಎರುಸಿಕ್ ಆಮ್ಲದ ಕಾರಣದಿಂದ 'ಮೈಗೆ ಹಚ್ಚಲು ಮಾತ್ರ' ಎಂಬ ಚೀಟಿಯೊಂದಿಗೆ ಮಾರುತ್ತಾರೆ. ಅಂಥ ಕಡೆ ರೇಪ್‌ಸೀಡಿನದೇ ತಳಿಯಿಂದ ತೆಗೆದ ಕನೋಲಾ ಎಣ್ಣೆಯೇ ಸುಲಭದ ದಾರಿ, ಕಂಪು ಕಡಿಮೆಯಾದರೂ ಕೆಲಸ ನಡೆಯುತ್ತದೆ.

ಸಸ್ಯಾಹಾರಿಗಳಿಗೆ ದನದ ಕೊಬ್ಬಿನ ದಪ್ಪ ಬೇಕೆನಿಸಿದರೆ ತುಪ್ಪವಿದೆಯಲ್ಲ ಎಂದು ಹಲವರು ಕೇಳುತ್ತಾರೆ. ತುಪ್ಪ ದೇಹದ ಉಷ್ಣತೆಗೇ ಕರಗಿಬಿಡುವುದರಿಂದ ನಾಲಿಗೆಗೆ ಅಂಟುವ ಆ ಗುಣ ಅದರಲ್ಲಿ ಇಲ್ಲ, ಮೇಲಾಗಿ ಅದರ ಪರಿಮಳ ಹುವಾಜಿಯಾವ್‌ನ ನಿಂಬೆಯಂಥ ವಾಸನೆಯೊಂದಿಗೆ ಜಗಳವಾಡುತ್ತದೆ. ಒಟ್ಟು ಎಣ್ಣೆಯಲ್ಲಿ ಐದನೆಯ ಒಂದು ಪಾಲನ್ನು ಮೀರದಂತೆ ಹಾಕಿದರೆ ಸಾರಿಗೆ ಸ್ವಲ್ಪ ಮೈ ಬರುತ್ತದೆ. ವನಸ್ಪತಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ದನದ ಕೊಬ್ಬಿನಲ್ಲೇ ಮಾಡುವವರಿಗೆ ಕರ್ನಾಟಕದಲ್ಲಿ ಕಾನೂನುಬದ್ಧವಾಗಿ ಸಿಗುವುದು ವಯಸ್ಸಾದ ಎಮ್ಮೆ, ಕೋಣಗಳ ಕೊಬ್ಬು. ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬನ್ನು ಕೇಳಿ ತಂದು, ಸಣ್ಣಗೆ ಕತ್ತರಿಸಿ, ಒಂದು ಲೋಟ ನೀರಿನೊಡನೆ ಸಣ್ಣ ಉರಿಯಲ್ಲಿ ಕರಗಿಸಿ ಸೋಸಬೇಕು. ಸೋಸಿದ ಮೇಲೆ ಶುಂಠಿ ಮತ್ತು ಈರುಳ್ಳಿ ಹೂವು ಹಾಕಿ ಮತ್ತೊಮ್ಮೆ ಕಾಯಿಸಿದರೆ ಪಶುವಿನ ವಾಸನೆ ಹೋಗುತ್ತದೆ. ಈ ಎರಡನೆಯ ಕಾಯಿಸುವಿಕೆಯನ್ನು ಬಿಟ್ಟುಬಿಟ್ಟರೆ ಮಸಾಲೆ ಎಷ್ಟೇ ಚೆನ್ನಾಗಿದ್ದರೂ ಮಡಕೆ ಕಮಟಾಗುತ್ತದೆ.

ಸಿದ್ಧ ಪೊಟ್ಟಣ

ಪೊಟ್ಟಣವನ್ನು ಕೀಳಾಗಿ ಕಾಣಬೇಕಾಗಿಲ್ಲ. ಚೋಂಗ್‌ಚಿಂಗ್‌ನ ಮನೆಗಳಲ್ಲೇ ಬಹಳಷ್ಟು ಜನ ಪೊಟ್ಟಣ ತಂದು ಊಟ ಮುಗಿಸುತ್ತಾರೆ. 1994ರಲ್ಲಿ ಸಿಚುವಾನಿನ ಜಿಯಾನ್‌ಯಾಂಗ್ ಎಂಬ ಊರಿನಲ್ಲಿ ಆರಂಭವಾಗಿ ಈಗ ಅನೇಕ ದೇಶಗಳಲ್ಲಿ ಹೋಟೆಲು ನಡೆಸುತ್ತಿರುವ ಹಾಯ್‌ದಿಲಾವ್ ಹೆಸರಿನಲ್ಲಿ ದನದ ಕೊಬ್ಬಿನದು, ತಿಳಿ ಎಣ್ಣೆಯದು, ಟೊಮೆಟೊದ್ದು, ಅಣಬೆಯದು ಎಂದು ಬಗೆಬಗೆಯ ಪೊಟ್ಟಣಗಳಿವೆ. ಚೋಂಗ್‌ಚಿಂಗ್‌ನವೇ ಆದ ಛಿಯಾವ್‌ಥೋ, ದೆಜ್ವಾಂಗ್ ಹೆಸರಿನವು ಇನ್ನಷ್ಟು ಗಡುಸು. ಒಳಮಂಗೋಲಿಯ ಮೂಲದ ಲಿಟಲ್ ಶೀಪ್ ಬೇರೆಯೇ ಜಾತಿಯದು; ಅದು ಕುರಿಮಾಂಸಕ್ಕೆಂದು ಮಾಡಿದ್ದು, ಮಾಲಾ ನಿರೀಕ್ಷಿಸಿ ಅದರ ಬಿಳಿ ಸಾರಿನ ಪೊಟ್ಟಣ ತಂದವರು ನಿರಾಶರಾಗುತ್ತಾರೆ.

ಪೊಟ್ಟಣದ ಬಲವೆಂದರೆ ಹದಿನೈದು ನಿಮಿಷದಲ್ಲಿ ಊಟ, ಘಾಟಿಲ್ಲ, ಸೀಯುವ ಭಯವಿಲ್ಲ. ನಾಲ್ಕು ಜನರ ಒಂದು ಊಟಕ್ಕೆ ಇದಕ್ಕಿಂತ ಅಗ್ಗದ ದಾರಿಯೂ ಇಲ್ಲ, ಏಕೆಂದರೆ ಮನೆಯಲ್ಲಿ ಮಾಡಲು ಹೊರಟರೆ ಒಂದೇ ಊಟಕ್ಕಾಗಿ ನಾಲ್ಕೈದು ಆಮದು ಸಾಮಾನುಗಳ ಪೂರ್ತಿ ಡಬ್ಬಿಗಳನ್ನು ಕೊಳ್ಳಬೇಕಾಗುತ್ತದೆ. ಅದರ ಕೊರತೆಯೆಂದರೆ ಉಪ್ಪು ನಿಮ್ಮ ಕೈಯಲ್ಲಿಲ್ಲ. ಸಾರು ಬತ್ತುತ್ತಾ ಹೋದಂತೆ ಊಟದ ಕೊನೆಗೆ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಆದ್ದರಿಂದ ಉಪ್ಪಿಲ್ಲದ ಸಾರನ್ನೇ ಬಳಸಿ, ಪಕ್ಕದಲ್ಲಿ ಬಿಸಿನೀರಿನ ಹೂಜಿ ಇಟ್ಟುಕೊಂಡಿರಿ.

ಸಸ್ಯಾಹಾರಿಗಳು ತಿಳಿ ಎಣ್ಣೆಯ ಪೊಟ್ಟಣ ಎಂದೊಡನೆ ನಿಶ್ಚಿಂತರಾಗಬಾರದು. ಎಣ್ಣೆ ಸಸ್ಯದ್ದಾದರೂ ಕೋಳಿ ಸಾರಿನ ಪುಡಿ ಸೇರಿರುವುದು ಸಾಮಾನ್ಯ. ಇ-631 ಎಂಬ ಸಂಖ್ಯೆಯ ರುಚಿವರ್ಧಕವೂ ಮಾಂಸ, ಮೀನಿನಿಂದ ಬಂದಿರಬಹುದು, ಹುದುಗಿಸಿ ತಯಾರಿಸಿದ್ದೂ ಆಗಿರಬಹುದು. ಆಮದು ಮಾಡುವವರು ಅಂಟಿಸಿದ ಚೀಟಿಯಲ್ಲಿ ಪದಾರ್ಥಗಳ ಪಟ್ಟಿಯನ್ನೂ ಹಸಿರು ಚುಕ್ಕೆಯನ್ನೂ ನೋಡಿಯೇ ಕೊಳ್ಳಿ.

ಪೊಟ್ಟಣಕ್ಕೆ ಜೀವ ತುಂಬುವುದು

ಪೊಟ್ಟಣವನ್ನು ನೇರವಾಗಿ ನೀರಿಗೆ ಹಾಕದೆ, ಎರಡು ಚಮಚ ಎಣ್ಣೆಯಲ್ಲಿ ಜಜ್ಜಿದ ಶುಂಠಿ, ಇಡೀ ಬೆಳ್ಳುಳ್ಳಿ ಎಸಳು, ಏಳೆಂಟು ಒಣಮೆಣಸಿನಕಾಯಿ, ಒಂದು ದೊಡ್ಡ ಚಮಚ ಹೊಸ ಹುವಾಜಿಯಾವ್ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿ, ಆಮೇಲೆ ಪೊಟ್ಟಣವನ್ನು ಅದರಲ್ಲಿ ಕರಗಿಸಿ, ಬಳಿಕ ಸಾರು ಸುರಿಯುವುದು ಮಧ್ಯದ ದಾರಿ. ಕಾರ್ಖಾನೆಯಲ್ಲಿ ಕಳೆದುಹೋದ ಮಾ ಇಲ್ಲಿ ಮರಳಿ ಬರುತ್ತದೆ. ಅರ್ಧ ಪೊಟ್ಟಣವನ್ನು ಹೀಗೆ ಬೆಳೆಸಿದರೆ ಪೂರ್ತಿ ಪೊಟ್ಟಣದಷ್ಟೇ ರುಚಿ ಸಿಗುತ್ತದೆ, ಉಪ್ಪು ಅರ್ಧಕ್ಕಿಳಿಯುತ್ತದೆ. ಕೆಲಸಕ್ಕೆ ಹೋಗಿ ಬಂದು ಸಂಜೆ ಅಡುಗೆ ಮಾಡುವವರಿಗೆ, ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಹಾಟ್‌ಪಾಟ್ ಮಾಡುವವರಿಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಆಮದು ಯಾವುದು ಬೇಕೇ ಬೇಕು, ಯಾವುದು ಬೇಡ

ಮನೆಯಲ್ಲೇ ಹುರಿಯಲು ಹೊರಟವರು ಹಣವನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಮೊದಲು ದೌಬಾನ್‌ಜಿಯಾಂಗ್, ಆಮೇಲೆ ಹುವಾಜಿಯಾವ್, ಮೆಣಸಿನಕಾಯಿಗೆ ಬೇಡ.

ದೌಬಾನ್‌ಜಿಯಾಂಗ್ ಎಂದರೆ ಫಾವಾ ಎಂಬ ದೊಡ್ಡ ಕಾಳನ್ನು ಬೂಷ್ಟು ಬರಿಸಿ, ಉಪ್ಪು ಬೆರೆಸಿದ ಹಸಿ ಕೆಂಪು ಮೆಣಸಿನಕಾಯಿಯೊಡನೆ ತಿಂಗಳುಗಟ್ಟಲೆ, ಒಳ್ಳೆಯದಾದರೆ ವರ್ಷಕ್ಕೂ ಮೀರಿ, ಜಾಡಿಗಳಲ್ಲಿ ಹುದುಗಿಸಿದ ಗಾಢ ಮುದ್ದೆ. ಚೆಂಗ್ಡುವಿನ ಪಕ್ಕದ ಪೀಶ್ಯಾನ್, ಅಂದರೆ ಈಗಿನ ಪೀದೂ ಜಿಲ್ಲೆಯದು ಹೆಸರುವಾಸಿ. ಮಸಾಲೆಯ ಉಪ್ಪು, ಕೆಂಪು ಮತ್ತು ಆಳವಾದ ರುಚಿ ಎಲ್ಲವೂ ಬಹುಮಟ್ಟಿಗೆ ಇದರಿಂದಲೇ ಬರುತ್ತವೆ. ಕೊರಿಯಾದ ಗೋಚುಜಾಂಗ್ ಎಂಬ ಮೆಣಸಿನಕಾಯಿ ಮುದ್ದೆ ಸಿಹಿಯಾದ್ದರಿಂದ ಬದಲಿಯಾಗಲಾರದು. ಏನೂ ಸಿಗದಿದ್ದಾಗ ಜಪಾನಿನ ಕೆಂಪು ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಗೆ ಮೆಣಸಿನಕಾಯಿ ಮುದ್ದೆ ಬೆರೆಸಿ ಕೆಲಸ ಸಾಗಿಸಬಹುದು, ಆದರೆ ತಿಂದವರಿಗೆ ವ್ಯತ್ಯಾಸ ತಿಳಿಯುತ್ತದೆ. ದೌಬಾನ್‌ಜಿಯಾಂಗ್‌ನಲ್ಲಿ ಗೋಧಿ ಹಿಟ್ಟು ಇರುವುದರಿಂದ ಗ್ಲೂಟೆನ್ ಆಗದವರು ದೂರವಿರಬೇಕು.

ಮೆಣಸಿನಕಾಯಿಯ ಸಂಗತಿ ಬೇರೆ. ಸಿಚುವಾನಿನ ಅಡುಗೆಯವರು ಒಂದೇ ಮೆಣಸಿನಕಾಯಿ ಹಾಕುವುದಿಲ್ಲ; ಬಣ್ಣಕ್ಕೂ ಕಂಪಿಗೂ ಅರ್‌ಜಿಂಗ್‌ಥಿಯಾವ್ ಎಂಬ ಉದ್ದನೆಯದು, ಖಾರಕ್ಕೆ ಛಾವ್‌ಥಿಯಾನ್ ಎಂಬ, ಗಿಡದಲ್ಲಿ ಆಕಾಶದ ಕಡೆ ಮುಖಮಾಡಿ ನಿಲ್ಲುವ ಗಿಡ್ಡನೆಯದು. ಈ ಜೋಡಿಯ ತತ್ತ್ವ ನಮ್ಮ ಮನೆಗಳಲ್ಲಿ ಹುಳಿಪುಡಿ ಮಾಡುವವರಿಗೆಲ್ಲ ಗೊತ್ತು: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಹಾವೇರಿ ಸೀಮೆಯ ಬ್ಯಾಡಗಿ, ಎಣ್ಣೆಗೆ ಕೊಡುವ ಕೆಂಪಿನಲ್ಲಿ ಯಾವ ಚೀನೀ ಮೆಣಸಿನಕಾಯಿಗೂ ಕಡಿಮೆಯಿಲ್ಲ. ಎರಡು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಹಾಕಿ ನಾನು ಮಾಡುವ ಮುದ್ದೆಯನ್ನು ಆಮದು ಮೆಣಸಿನಕಾಯಿಯದರ ಪಕ್ಕದಲ್ಲಿಟ್ಟು ರುಚಿ ನೋಡಿದ್ದೇನೆ. ಬ್ಯಾಡಗಿಯದು ತುಸು ಸಿಹಿಯ ಕಡೆಗೆ ವಾಲುತ್ತದೆ, ಅಷ್ಟೇ. ಅದನ್ನು ಕಲ್ಲುಸಕ್ಕರೆ ಕಡಿಮೆ ಹಾಕಿ ಸರಿಪಡಿಸಬಹುದು. ಮೆಣಸಿನಕಾಯಿ ಚೀನಾಕ್ಕೂ ಭಾರತಕ್ಕೂ ಬಂದಿದ್ದು ಅಮೆರಿಕ ಖಂಡದಿಂದ ಸಮುದ್ರದ ದಾರಿಯಲ್ಲಿ; ಎರಡು ಸೀಮೆಗಳ ರೈತರು ಒಂದೇ ಗಿಡದಿಂದ ಬಣ್ಣದ ತಳಿಯೊಂದನ್ನೂ ಖಾರದ ತಳಿಯೊಂದನ್ನೂ ಬೇರ್ಪಡಿಸಿಕೊಂಡರು ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ವಿಚಾರ.

ಹುವಾಜಿಯಾವ್‌ಗೆ ನಮ್ಮಲ್ಲೊಬ್ಬ ದಾಯಾದಿ ಇದ್ದಾನೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ, ಮೈತುಂಬ ಮುಳ್ಳಿರುವ ಮರದ ಜುಮ್ಮಿನಕಾಯಿ, ಕೊಂಕಣಿ ಮನೆಗಳಲ್ಲಿ ತೆಪ್ಪಳ ಅಥವಾ ತಿರ್ಫಳ ಎಂದು ಕರೆದು ಬಂಗುಡೆ ಸಾರಿಗೆ ಹಾಕುವುದು, ಅದೇ ಸಸ್ಯಕುಲಕ್ಕೆ ಸೇರಿದೆ. ಹೆಸರಿನಲ್ಲೇ ಜುಮ್ಮೆನ್ನುವ ಗುಣ ಕುಳಿತಿದೆ. ಹಿಮಾಲಯದ ಟಿಮೂರ್ ಕೂಡ ಅದೇ ಕುಲದ್ದು. ಜುಮ್ಮಿನಕಾಯಿಯ ಜುಮ್ಮು ನಿಜವಾದದ್ದೇ, ಆದರೆ ಅದರ ಕಂಪಿನಲ್ಲಿ ಮರದ ತೊಗಟೆಯ ಛಾಯೆ ಹೆಚ್ಚು, ನಿಂಬೆಯ ಛಾಯೆ ಕಡಿಮೆ. ಟಿಮೂರ್ ಸಿಚುವಾನಿನ ಹಸಿರು ಮೆಣಸಿಗೆ ಹತ್ತಿರ. ಕೆಂಪು ಹುವಾಜಿಯಾವ್ ಸಿಗದ ಕಡೆ ಅರ್ಧ ಟಿಮೂರ್, ಅರ್ಧ ಜುಮ್ಮಿನಕಾಯಿ ಹಾಕಿದ ಮಡಕೆ ಚೋಂಗ್‌ಚಿಂಗ್‌ನದು ಎನಿಸಿಕೊಳ್ಳುವುದಿಲ್ಲ, ಆದರೆ ಚೆನ್ನಾಗಿರುತ್ತದೆ. ಯಾವುದನ್ನೇ ಹಾಕಿದರೂ ಒಳಗಿನ ಕರಿಬೀಜ ಹಲ್ಲಿಗೆ ಮರಳಿನಂತೆ ಸಿಗುವುದರಿಂದ ಅದನ್ನು ತೆಗೆದು ಸಿಪ್ಪೆಯನ್ನಷ್ಟೇ ಬಳಸಬೇಕು.

ಉಳಿದ ಮಸಾಲೆಗಳಿಗೆ ಚಿಂತೆ ಬೇಡ. ಚಕ್ರಮೊಗ್ಗು, ಚಕ್ಕೆ, ಸೋಂಪು, ಲವಂಗ, ಪಲಾವ್ ಎಲೆ ಎಲ್ಲವೂ ಡಬ್ಬಿಯಲ್ಲೇ ಇವೆ. ತ್ಸಾವ್‌ಗುವೊ ಎಂಬ ದೊಡ್ಡ ಏಲಕ್ಕಿಗೆ ನಮ್ಮ ಕಪ್ಪು ಏಲಕ್ಕಿ ಸಾಕು. ನಮ್ಮದರಲ್ಲಿ ಹೊಗೆಯ ವಾಸನೆ ಇರುವುದರಿಂದ ಒಂದೇ ಒಂದು ಹಾಕಿ.

ಹುರಿಯುವ ಕ್ರಮ

ತಿಳಿ ಎಣ್ಣೆಯ ಮಸಾಲೆಯನ್ನು ನಾಲ್ಕು ಜನರ ಎರಡು ಊಟಕ್ಕಾಗುವಷ್ಟು ಮಾಡಲು ನಾನು ತೆಗೆದುಕೊಳ್ಳುವುದು ಇಷ್ಟು: ಕಾಯಿಸಿ ತಣಿಸಿದ ಎಣ್ಣೆ 400 ಮಿಲಿ, ಬ್ಯಾಡಗಿ 60 ಗ್ರಾಂ, ಗುಂಟೂರು 30 ಗ್ರಾಂ, ದೌಬಾನ್‌ಜಿಯಾಂಗ್ 120 ಗ್ರಾಂ, ಶುಂಠಿ 40 ಗ್ರಾಂ, ಬೆಳ್ಳುಳ್ಳಿ 60 ಗ್ರಾಂ, ಈರುಳ್ಳಿ ಹೂವು ಅಥವಾ ಈರುಳ್ಳಿ 80 ಗ್ರಾಂ, ಹುವಾಜಿಯಾವ್ 25 ಗ್ರಾಂ, ಕಲ್ಲುಸಕ್ಕರೆ 10 ಗ್ರಾಂ, ಸಿಕ್ಕರೆ ಹುದುಗಿಸಿದ ಕರಿ ಸೋಯಾಕಾಳು 20 ಗ್ರಾಂ. ದನದ ಕೊಬ್ಬಿನಲ್ಲಿ ಮಾಡುವವರು ಅರ್ಧ ಎಣ್ಣೆ, ಅರ್ಧ ಕೊಬ್ಬು ತೆಗೆದುಕೊಂಡರೆ ಮೊದಲ ಸಲಕ್ಕೆ ಸುಲಭ.

ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು, ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ನೀರು ಬಸಿದು ತರಿತರಿಯಾಗಿ ಕುಟ್ಟಬೇಕು. ಇದನ್ನು ಅಲ್ಲಿ ತ್ಸಿಬಾ ಮೆಣಸಿನಕಾಯಿ ಎನ್ನುತ್ತಾರೆ. ಒರಳಿದ್ದರೆ ಒರಳೇ ಮೇಲು. ಮಿಕ್ಸಿಯಾದರೆ ನುಣ್ಣಗಾಗದಂತೆ ಬಿಟ್ಟುಬಿಟ್ಟು ಓಡಿಸಿ. ಕುದಿಸಿದ ಮೆಣಸಿನಕಾಯಿಯಲ್ಲಿರುವ ನೀರೇ ಅದು ಸೀಯದಂತೆ ಕಾಯುವ ರಕ್ಷೆ. ನೀರು ಇರುವವರೆಗೆ ಬಾಣಲೆಯೊಳಗಿನ ಉಷ್ಣತೆ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಬಣ್ಣವೂ ಖಾರವೂ ಸಾವಕಾಶವಾಗಿ ಎಣ್ಣೆಗೆ ಇಳಿಯುತ್ತವೆ. ಒಣ ಮೆಣಸಿನಪುಡಿಯನ್ನು ನೇರವಾಗಿ ಹಾಕಿದರೆ ಈ ಅವಕಾಶವೇ ಇರುವುದಿಲ್ಲ, ಅರೆನಿಮಿಷದಲ್ಲಿ ಕಪ್ಪಾಗಿ ಕಹಿಯಾಗುತ್ತದೆ.

ಎಣ್ಣೆಯಲ್ಲಿ ಮೊದಲು ಈರುಳ್ಳಿ, ಶುಂಠಿ, ಬೆಳ್ಳುಳ್ಳಿಗಳನ್ನು ಕಂದಾಗುವ ತನಕ ಕರಿದು ಎತ್ತಿಬಿಡಿ. ಉರಿ ತಗ್ಗಿಸಿ ಮೆಣಸಿನಕಾಯಿ ಮುದ್ದೆ ಹಾಕಿ, ಕಾಲು ಗಂಟೆಯ ನಂತರ ದೌಬಾನ್‌ಜಿಯಾಂಗ್ ಮತ್ತು ಕರಿ ಸೋಯಾಕಾಳು ಸೇರಿಸಿ. ಚಕ್ಕೆ ಲವಂಗಾದಿಗಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟು, ಇನ್ನೂ ಒಂದು ಕಾಲು ಗಂಟೆ ಕಳೆದ ಮೇಲೆ ಹಾಕಿ. ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ತಳ ಹಿಡಿಯದಂತೆ ಸೌಟು ಆಡಿಸುತ್ತಲೇ ಇರಬೇಕು. ಆರಂಭದಲ್ಲಿ ದೊಡ್ಡ ಗುಳ್ಳೆಗಳು ಸದ್ದು ಮಾಡುತ್ತಾ ಏಳುತ್ತವೆ. ನೀರು ಮುಗಿಯುತ್ತಿದ್ದಂತೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಅಡಗುತ್ತದೆ, ಮಸಾಲೆ ಎಣ್ಣೆ ಬಿಟ್ಟುಕೊಂಡು ಎಣ್ಣೆ ಮಾಣಿಕ್ಯದಂತೆ ತಿಳಿಯಾಗುತ್ತದೆ. ಆಗ ಹುವಾಜಿಯಾವ್ ಮತ್ತು ಕಲ್ಲುಸಕ್ಕರೆ ಹಾಕಿ ಐದೇ ನಿಮಿಷ ತಿರುವಿ ಇಳಿಸಿ. ಮೀನಿನ ಸಾರಿಗೆ ತೆಪ್ಪಳವನ್ನು ಕೊನೆಗೆ ಜಜ್ಜಿ ಹಾಕುವ ಕರಾವಳಿಯ ಹೆಂಗಸರ ಕ್ರಮವೂ ಇದೇ. ಜುಮ್ಮನ್ನು ಉಳಿಸುವ ದಾರಿ ಅವರಿಗೆ ತಿಳಿದಿತ್ತು.

ತಣಿದ ಮೇಲೆ ಒಂದು ರಾತ್ರಿ ಹಾಗೆಯೇ ಫ್ರಿಜ್ಜಿನಲ್ಲಿಡಿ, ರುಚಿ ಕೂಡಿಕೊಳ್ಳುತ್ತದೆ. ಮರುದಿನ ಒಂದು ಪಾಲು ಮಸಾಲೆಗೆ ನಾಲ್ಕು ಪಾಲು ಸಾರು. ಸಸ್ಯಾಹಾರಿ ಸಾರಿಗೆ ಮೊಳಕೆ ಬಂದ ಸೋಯಾ, ಒಣ ಶಿಟಾಕೆ ಅಣಬೆ, ಮೆಕ್ಕೆಜೋಳದ ತೆನೆ ಹಾಕಿ ಮುಕ್ಕಾಲು ಗಂಟೆ ಕುದಿಸಿದರೆ ಮೂಳೆಯ ಸಾರಿನ ಕೊರತೆ ಕಾಣುವುದಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಸೇರಿದ ಯಾವುದನ್ನೂ ಹೊರಗಿನ ಬಿಸಿಯಲ್ಲಿ ದಿನಗಟ್ಟಲೆ ಇಡುವುದು ಅಪಾಯ. ಅದರಲ್ಲಿ ಬೆಳೆಯಬಹುದಾದ ಬ್ಯಾಕ್ಟೀರಿಯಾದ ಬೊಟುಲಿಸಮ್ ವಿಷ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ವಾರದೊಳಗೆ ಬಳಸುವುದನ್ನು ಫ್ರಿಜ್ಜಿನಲ್ಲಿ, ಮಿಕ್ಕದ್ದನ್ನು ಒಂದೊಂದು ಊಟದ ಅಳತೆಗೆ ಕಟ್ಟಿ ಫ್ರೀಜರಿನಲ್ಲಿ ಇಡಿ. ಅಲ್ಲಿ ಮೂರು ತಿಂಗಳು ನಿರಾತಂಕ.

ನಿಮ್ಮ ಮನೆಗೆ ಯಾವುದು

ತಿಂಗಳಿಗೊಮ್ಮೆಯಾದರೂ ಮಾಡುವ ಮನೆಯಾದರೆ ಸ್ವಂತ ಮಸಾಲೆಯೇ ಲಾಭ. ಒಂದು ಡಬ್ಬಿ ದೌಬಾನ್‌ಜಿಯಾಂಗ್ ಫ್ರಿಜ್ಜಿನಲ್ಲಿ ತಿಂಗಳುಗಳ ಕಾಲ ಬಾಳುತ್ತದೆ, ಹುವಾಜಿಯಾವ್ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿದ್ದರೆ ಕಂಪು ಕೆಡುವುದಿಲ್ಲ, ಮೂರನೆಯ ಸಲದ ಹೊತ್ತಿಗೆ ಪೊಟ್ಟಣಕ್ಕಿಂತ ಖರ್ಚು ಇಳಿದಿರುತ್ತದೆ. ಸಸ್ಯಾಹಾರಿಗಳಿಗೆ ಖರ್ಚಿನ ಮಾತು ಬಿಟ್ಟರೂ ಇದೇ ಸರಿ, ಏಕೆಂದರೆ ಒಳಗೆ ಏನಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಖಾತರಿ ಇಲ್ಲ. ಮಾಂಸಪ್ರಿಯರ ಗುಂಪನ್ನು ಕರೆದು ಉಣಿಸುವವರು, ಅದೂ ಮೊದಲ ಸಲ, ದನದ ಕೊಬ್ಬಿನ ಪೊಟ್ಟಣವನ್ನೇ ಒಗ್ಗರಣೆಯಿಂದ ಬೆಳೆಸಲಿ. ಮನೆಯಲ್ಲಿ ಕೊಬ್ಬು ಕರಗಿಸುವ ಶ್ರಮಕ್ಕೆ ತಕ್ಕ ಫಲ ಬರುವುದು ಕೈ ಪಳಗಿದ ಮೇಲೆ. ಹೊಗೆಗೆ ಹೆದರುವ ಅಪಾರ್ಟ್‌ಮೆಂಟಿನವರಿಗೂ ಅದೇ ಮಾತು.

ಇಬ್ಬಗೆಯ ಉಣ್ಣುವವರಿರುವ ಮನೆಗೆ ನಡುವೆ ಗೋಡೆಯಿರುವ ಯುವಾನ್‌ಯಾಂಗ್ ಮಡಕೆ ಕೊಳ್ಳಿರಿ. ಒಂದು ಕಡೆ ಮಾಲಾ, ಇನ್ನೊಂದು ಕಡೆ ಮಕ್ಕಳು ಹಿರಿಯರಿಗಾಗಿ ಅಣಬೆಯ ತಿಳಿಸಾರು. ಆದರೆ ಒಂದು ಬದಿಯಲ್ಲಿ ಮಾಂಸವಿದ್ದು ಇನ್ನೊಂದು ಬದಿ ಕಟ್ಟುನಿಟ್ಟಿನ ಸಸ್ಯಾಹಾರಿಗಳದ್ದಾದರೆ ಈ ಮಡಕೆ ಸಾಲದು. ಕುದಿ ಹಾರುತ್ತದೆ, ಸೌಟು ಬದಲಾಗುತ್ತದೆ. ಎರಡು ಬೇರೆ ಒಲೆ, ಎರಡು ಬೇರೆ ಮಡಕೆ ಇಡುವುದೇ ಅತಿಥಿಗೆ ತೋರುವ ಗೌರವ.

ಯಾವ ದಾರಿ ಹಿಡಿದರೂ ಅದ್ದಿಕೊಳ್ಳುವ ಬಟ್ಟಲನ್ನು ಕಡೆಗಣಿಸಬೇಡಿ. ಚೋಂಗ್‌ಚಿಂಗ್‌ನಲ್ಲಿ ಪ್ರತಿಯೊಬ್ಬರ ಮುಂದೆ ಎಳ್ಳೆಣ್ಣೆಗೆ ಜಜ್ಜಿದ ಹಸಿ ಬೆಳ್ಳುಳ್ಳಿ, ಚಿಟಿಕೆ ಉಪ್ಪು ಹಾಕಿದ ಬಟ್ಟಲೊಂದು ಇರುತ್ತದೆ. ಕುದಿಯುವ ಮಡಕೆಯಿಂದ ಎತ್ತಿದ ತುಂಡನ್ನು ಅದರಲ್ಲಿ ಅದ್ದಿದರೆ ಬಿಸಿ ತಗ್ಗುತ್ತದೆ, ಮೇಲಿನ ಖಾರದ ಎಣ್ಣೆ ಸ್ವಲ್ಪ ತೊಳೆದುಹೋಗುತ್ತದೆ. ಅಲ್ಲಿ ಬಳಸುವುದು ಹುರಿದ ಎಳ್ಳಿನ ಎಣ್ಣೆ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನದಾದ್ದರಿಂದ ಕಂಪು ಬೇರೆ, ಆದರೆ ಒಂದು ಚಮಚ ಎಳ್ಳನ್ನು ಹುರಿದು ಕುಟ್ಟಿ ಅದಕ್ಕೆ ಬೆರೆಸಿಕೊಂಡರೆ ಬಟ್ಟಲು ಸಿದ್ಧವಾಗುತ್ತದೆ.